‘ಥೈಮೋಸಿನ್’ ಶಬ್ದದ ಅರ್ಥನಿರ್ಣಯ: ಎಸೆಂಡನ್ ವ್ಯಾಜ್ಯದ ಪರಿಶೀಲನೆ

ಕ್ರೀಡಾ ವ್ಯಾಜ್ಯಗಳನ್ನು ತೀರ್ಮಾನಿಸುವ ಮಧ್ಯಸ್ಥ ನ್ಯಾಯಾಲಯವು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ನೆಲೆಗೊಂಡಿರುತ್ತದೆ. 2016ನೆಯ ಇಸವಿ ಜನವರಿ 12ನೆಯ ತಾರೀಖು ಅದು ಕೊಟ್ಟ ತೀರ್ಪಿನಿಂದ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಎಸೆಂಡನ್ ಫುಟ್‌ಬಾಲ್ ಸಂಘದಲ್ಲಿ 2012ರಲ್ಲಿ ಆಡುತ್ತಿದ್ದ 34 ಮಂದಿ ಆಟಗಾರರು ನಿಷಿದ್ಧೌಷಧ ಸೇವನೆಯ ದೋಷಕ್ಕೆ ಗುರಿಯಾದರು. ಇದೇ 34 ಮಂದಿಯ ಮೇಲಿನ ಇದೇ ಆರೋಪವು ಸಿದ್ಧವಾಗಲಿಲ್ಲವೆಂದು ಆಸ್ಟ್ರೇಲಿಯಾದ ಫುಟ್‌ಬಾಲ್ ಒಕ್ಕೂಟದ ನ್ಯಾಯಮಂಡಲಿಯು 2015ನೆಯ ಮಾರ್ಚ್ 31ರಂದು ನಿರ್ಣಯಿಸಿದ್ದಿತು. ಎರಡು ಪೀಠಗಳ ಮುಂದಿದ್ದ ಸಾಕ್ಷ್ಯವು ಬಹುಮಟ್ಟಿಗೆ ಒಂದೇ. ಬೇರೆಯಾದುದು ಅದನ್ನು ಓದಿದ ಕ್ರಮ. ವ್ಯಾಜ್ಯದ ತಿರುಳಾದರೋ ಕಾಗದದ ಮೇಲೆ ಬರೆದಿದ್ದ ‘ಥೈಮೋಸಿನ್’ ಎಂಬ ಒಂಟಿ ಶಬ್ದ. ವಿಶೇಷಣವಿಲ್ಲದ ಆ ಶಬ್ದಕ್ಕೆ ಎರಡರ್ಥಗಳು ಸಾಧ್ಯವಿದ್ದು, ಒಂದರ್ಥದಲ್ಲಿ ಆಟಗಾರರು ನಿರ್ದೋಷಿಗಳು, ಮತ್ತೊಂದರಲ್ಲಿ ದೋಷಿಗಳು. ಪಾಠನಿರ್ಣಯದಲ್ಲಿ ಪಳಗಿದವರಿಗೆ ಈ ತೊಡಕು ಅಪರಿಚಿತವಲ್ಲ.

ಈ ಶಬ್ದದ ಪೂರ್ವಚರಿತ್ರೆಯನ್ನು ತಿಳಿಯದೆ ವ್ಯಾಜ್ಯವು ಅರ್ಥವಾಗದು. ಥೈಮೋಸಿನ್‌ಗಳು ‘ಪೆಪ್ಟೈಡ್’ ಎಂಬ ವರ್ಗಕ್ಕೆ ಸೇರಿದವು. ಅಮೈನೋ ಆಮ್ಲಗಳು ಒಂದಕ್ಕೊಂದು ಹೆಣೆದುಕೊಂಡು ಆದ ಕಿರುಸರಪಣಿಗೆ ಈ ಹೆಸರು. ಸರಪಣಿಯು ಉದ್ದವಾಗಿ ಮಡಿಸಿಕೊಂಡರೆ ಅದೇ ಪ್ರೋಟೀನು. ಜೀರ್ಣಕ್ರಿಯೆಯನ್ನು ಸೂಚಿಸುವ ಗ್ರೀಕ್ ಧಾತುವಿನಿಂದ ಈ ಹೆಸರನ್ನು ರೂಢಿಗೆ ತಂದವನು ಜರ್ಮನಿಯ ಎಮಿಲ್ ಫಿಷರ್. 1901ರಲ್ಲಿ ಅವನು ಫೂರ್ನೋ ಎಂಬವನೊಡಗೂಡಿ ಎರಡೇ ಕೊಂಡಿಗಳ ಸರಪಣಿಯೊಂದನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದನು. 1963ರಲ್ಲಿ ಅಮೆರಿಕದ ಮೆರಿಫೀಲ್ಡನು ಸರಪಣಿಯ ಒಂದು ತುದಿಯನ್ನು ಅಂಟಿನ ಮಣಿಗೆ ಬಿಗಿದು ಕೊಂಡಿಗಳನ್ನು ಒಂದೊಂದಾಗಿ ಪೋಣಿಸುವ ಉಪಾಯವನ್ನು ಪ್ರಕಟಿಸಿದ ಮೇಲೆ, ಹಿಂದೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸವು ದಿನಗಳ ಕೆಲಸವಾಯಿತು. ಬೇಕಾದ ಅನುಕ್ರಮವನ್ನು ಬರೆದು ಕಳುಹಿಸಿದರೆ ಕಾರ್ಖಾನೆಯಿಂದ ಪುಡಿ ಬರುವ ಕಾಲ ಒದಗಿತು. ಈ ಸೌಲಭ್ಯವಿಲ್ಲದಿದ್ದರೆ ಎಸೆಂಡನ್ ಪ್ರಕರಣವು ಹುಟ್ಟುತ್ತಲೇ ಇರಲಿಲ್ಲ.

ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯು ದೇಹದ ರೋಗನಿರೋಧಶಕ್ತಿಗೆ ಮೂಲವೆಂಬುದನ್ನು 1961ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದವನು ಜಾಕ್ ಮಿಲ್ಲರ್. ಅವನು ಮುಂದೆ ಮೆಲ್ಬರ್ನಿನಲ್ಲಿಯೇ ನೆಲಸಿ ಕೆಲಸ ಮಾಡಿದನೆಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು. 1966ರಲ್ಲಿ ಅಮೆರಿಕದ ಗೋಲ್ಡ್‌ಸ್ಟೈನ್, ಸ್ಲೇಟರ್, ವೈಟ್ ಎಂಬವರು ಕರುವಿನ ಥೈಮಸ್ಸಿನಿಂದ ತೆಗೆದ ಸಾರಕ್ಕೆ ‘ಥೈಮೋಸಿನ್’ ಎಂದು ಹೆಸರಿಟ್ಟರು. ಆಗ ಅದು ಏಕವಚನ. ಆದರೆ ಸಾರವನ್ನು ಸೋಸುತ್ತ ಹೋದಂತೆ ಅದರೊಳಗೆ ಹಲವು ಪೆಪ್ಟೈಡುಗಳಿರುವುದು ಕಂಡುಬಂದು, ವಿದ್ಯುತ್ ಕ್ಷೇತ್ರದಲ್ಲಿ ಅವು ನಿಲ್ಲುವ ಆಮ್ಲೀಯತೆಯ ಮಟ್ಟಕ್ಕನುಸಾರವಾಗಿ ಆಲ್ಫಾ, ಬೀಟಾ, ಗಾಮಾ ಎಂದು ಮೂರು ಗುಂಪು ಮಾಡಿದರು. ಕಾರ್ಯವನ್ನು ನೋಡಿ ಮಾಡಿದ ವಿಂಗಡಣೆ ಇದಲ್ಲ. 1977ರಲ್ಲಿ ಪ್ರಕಟವಾದ ಆಲ್ಫಾ-1 ಎಂಬುದರಲ್ಲಿ 28 ಕೊಂಡಿಗಳು; 1981ರಲ್ಲಿ ಅನುಕ್ರಮವು ತಿಳಿದ ಬೀಟಾ-4 ಎಂಬುದರಲ್ಲಿ 43. ಮೊದಲನೆಯದಕ್ಕೂ ರೋಗನಿರೋಧಶಕ್ತಿಗೂ ಸಂಬಂಧವುಂಟು. ಎರಡನೆಯದರ ದಾರಿಯೇ ಬೇರೆ. ಅದು ಥೈಮಸ್ಸಿನ ಸ್ವತ್ತಲ್ಲ, ದೇಹದ ಬಹುತೇಕ ಜೀವಕೋಶಗಳಲ್ಲಿ ಇರತಕ್ಕದ್ದು; ಕೋಶವು ಚಲಿಸಲು ಬೇಕಾದ ಆಕ್ಟಿನ್ ಎಂಬ ಪ್ರೋಟೀನಿನ ಬಿಡಿ ತುಣುಕುಗಳನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಮುಖ್ಯ ಕೆಲಸವೆಂದು 1990ರ ಸುಮಾರಿಗೆ ಗೊತ್ತಾಯಿತು. ಹೀಗೆ ಹೆಸರಿನ ಸಾಮ್ಯವೊಂದನ್ನುಳಿದು ಒಂದಕ್ಕೊಂದು ನಂಟಿಲ್ಲದ ಎರಡು ವಸ್ತುಗಳು ಒಂದೇ ಮನೆತನದವೆಂದು ರೂಢಿಯಲ್ಲಿ ನಿಂತವು. ಹೆಸರಿಟ್ಟವರದು ತಪ್ಪೆನ್ನುವಂತಿಲ್ಲ, ತಿಳಿವು ಬಂದ ಮೇಲೂ ಹೆಸರನ್ನು ತಿದ್ದದೆ ಬಿಟ್ಟುದು ಮಾತ್ರ ಮುಂದಿನ ಅನರ್ಥಕ್ಕೆ ಎಡೆಗೊಟ್ಟಿತು.

ಕೋಶಗಳ ಚಲನೆಗೆ ಬೇಕಾದ ವಸ್ತುವು ಗಾಯ ಮಾಯುವುದಕ್ಕೂ ಬೇಕಾಗಬಹುದೆಂಬುದು ಸಹಜವಾದ ಊಹೆ. 1999ರಲ್ಲಿ ಇಲಿಗಳ ಚರ್ಮದ ಗಾಯವು ಬೀಟಾ-4ರಿಂದ ಬೇಗ ಕೂಡಿಕೊಂಡಿತೆಂದು ವರದಿಯಾಯಿತು. ಪೆಟ್ಟುಬಿದ್ದ ಮಾಂಸಪೇಶಿಯಲ್ಲಿ ಅದರ ಪ್ರಮಾಣವು ಹೆಚ್ಚಿ, ಪೇಶಿಯನ್ನು ಮರಳಿ ಕಟ್ಟುವ ಎಳೆಯ ಕೋಶಗಳನ್ನು ಅದು ತನ್ನೆಡೆಗೆ ಸೆಳೆಯುತ್ತದೆಂದು 2011ರ ಲೇಖನವೊಂದು ತೋರಿಸಿತು. ಇಲಿಯ ಮೊಣಕಾಲಿನ ಒಳಬದಿಯ ಕಟ್ಟು ಹರಿದಾಗ ಇದರಿಂದ ಉಪಕಾರವಾಯಿತೆಂಬ ಪ್ರಯೋಗವು ಅಚ್ಚಾದುದು 2013ರಲ್ಲಿ. ಎಂದರೆ ಎಸೆಂಡನ್ನಿನ ಆಟಗಾರರು ಸೂಜಿಗೆ ಮೈಯೊಡ್ಡಿದ ಮರುವರ್ಷ. ಇದೇ ಸರಪಣಿಯ 17ರಿಂದ 23ರವರೆಗಿನ ಏಳು ಕೊಂಡಿಗಳ ತುಂಡೊಂದು ‘ಟಿ.ಬಿ. 500’ ಎಂಬ ಹೆಸರಿನಲ್ಲಿ ಪಂದ್ಯದ ಕುದುರೆಗಳ ಲಾಯಗಳನ್ನು ಹೊಕ್ಕಿದ್ದಿತು. ಶಾಸ್ತ್ರವು ಇಲಿಯ ಹಂತದಲ್ಲಿರುವಾಗಲೇ ಬಳಕೆಯು ಕುದುರೆಯನ್ನು ದಾಟಿ ಮನುಷ್ಯನ ಬಳಿ ಬಂದಿತೆನ್ನಬಹುದು.

ಪ್ರಕೃತಕ್ಕೆ ಕೊಂಚ ಹೊರಗಾದರೂ ಇಲ್ಲಿ ಒಂದು ಮಾತು. ಹೆಸರಿನ ಇಂಥ ಜಾರಾಟವು ಪರದೇಶದ ಶಾಸ್ತ್ರಕ್ಕೆ ಮಾತ್ರ ಸೀಮಿತವಲ್ಲ. ಸುಶ್ರುತಸಂಹಿತೆಯು ದೇಹದಲ್ಲಿ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ 16 ಕಂಡರಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅಲ್ಲಿ ಸ್ನಾಯುವೆಂದರೆ ಸಂಧಿಗಳನ್ನು ಬಿಗಿಯುವ ಕಟ್ಟು. ಇಂದಿನ ಕನ್ನಡದಲ್ಲಿ ಸ್ನಾಯುವೇ ಮಾಂಸಪೇಶಿಯಾಗಿ, ಕಂಡರಕ್ಕೆ ‘ಸ್ನಾಯುರಜ್ಜು’ ಎಂಬ ಹೊಸ ಹೆಸರು ಬೇಕಾಯಿತು. ಹಳೆಯ ವೈದ್ಯಗ್ರಂಥವನ್ನು ಹೊಸ ಅರ್ಥದಿಂದ ಓದುವವನು ಚಿಕಿತ್ಸೆಯನ್ನೇ ತಪ್ಪು ಅಂಗಕ್ಕೆ ಹೇಳಿದಂತಾಗುವುದು.

ಇನ್ನು ವ್ಯಾಜ್ಯಕ್ಕೆ ಬರಬಹುದು. ಕೈಗಳಿಂದಲೂ ಚೆಂಡನ್ನು ಹಿಡಿಯಬಹುದಾದ, ಮೈಗೆ ಮೈ ಢಿಕ್ಕಿ ಹೊಡೆಯುವ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟದಲ್ಲಿ ಪೇಶಿಗಳು ಹರಿಯುವುದೂ ಕಂಡರಗಳು ನೋಯುವುದೂ ದಿನದ ಮಾತು. ಆಟಗಾರರು ಪಂದ್ಯದಿಂದ ಪಂದ್ಯಕ್ಕೆ ಬೇಗ ಚೇತರಿಸಿಕೊಳ್ಳಬೇಕೆಂಬ ಉದ್ದೇಶದಿಂದ ಎಸೆಂಡನ್ ಸಂಘವು 2012ರ ಋತುವಿನಲ್ಲಿ ಪೂರಕದ್ರವ್ಯಗಳ ಯೋಜನೆಯೊಂದನ್ನು ನಡೆಸಿತು. ಅದರ ಹೊಣೆಯು ಕ್ರೀಡಾವಿಜ್ಞಾನಿ ಸ್ಟೀಫನ್ ಡ್ಯಾಂಕ್ ಎಂಬವರದು. ಆಟಗಾರರು ಸಹಿ ಮಾಡಿದ ಒಪ್ಪಿಗೆಪತ್ರದಲ್ಲಿ ಏ.ಓ.ಡಿ. 9604, ಥೈಮೋಸಿನ್, ಕೊಲೊಸ್ಟ್ರಮ್ (ಎಂದರೆ ಗಿಣ್ಣುಹಾಲಿನ ಸಾರ), ಟ್ರಿಬ್ಯುಲಸ್ (ನೆಗ್ಗಿಲ ಜಾತಿಯ ಗಿಡ) ಎಂಬ ಹೆಸರುಗಳಿದ್ದವು. ಆಲ್ಫಾವೋ ಬೀಟಾವೋ ಹೇಳಿರಲಿಲ್ಲ. ಯಾವ ದೇಶದ ಔಷಧಾಧಿಕಾರಿಗಳಿಂದಲೂ ಚಿಕಿತ್ಸೆಗೆ ಅಂಗೀಕೃತವಾಗದ ವಸ್ತುಗಳೆಲ್ಲ ನಿಷಿದ್ಧವೆಂಬ ನಿಯಮವನ್ನು ‘ವಾಡಾ’ ಎಂಬ ಜಾಗತಿಕ ಸಂಸ್ಥೆಯು 2011ರಿಂದ ಜಾರಿಗೆ ತಂದಿದ್ದಿತು. ಬೀಟಾ-4 ನಿಷಿದ್ಧ, ಆಲ್ಫಾ-1 ಅಲ್ಲ. 2013ನೆಯ ಫೆಬ್ರವರಿ 5ರಂದು ಸಂಘವು ತಾನಾಗಿಯೇ ಅಧಿಕಾರಿಗಳಿಗೆ ವರದಿಮಾಡಿತು. ಅದೇ ವರ್ಷ ‘ದಿ ಏಜ್’ ಪತ್ರಿಕೆಯವರೊಡನೆ ಮಾತನಾಡುವಾಗ ಡ್ಯಾಂಕ್ ಅವರ ಬಾಯಲ್ಲಿ ಬೀಟಾ-4ರ ಹೆಸರು ಬಂದು, ಅದು ನಿಷಿದ್ಧವೆಂದು ತಿಳಿಸಿದ ಬಳಿಕ, ತಾವು ಹೇಳಬೇಕೆಂದಿದ್ದುದು ‘ಥೈಮೋಮಾಡ್ಯುಲಿನ್’ ಎಂಬ ಬೇರೊಂದು ವಸ್ತುವೆಂದು ತಿದ್ದಿಕೊಂಡರು. ಕರ್ತೃವಿನ ಮೊದಲ ಪಾಠವೊಂದು, ಶೋಧಿತ ಪಾಠವೊಂದು.

ಮೈಯಲ್ಲಿ ಸಹಜವಾಗಿಯೇ ಇರುವ ವಸ್ತುವಾದುದರಿಂದ ಮೂತ್ರಪರೀಕ್ಷೆಯು ವಿಷಯವನ್ನು ತೀರ್ಮಾನಿಸಲಾರದಾಯಿತು. ಪುಡಿಯನ್ನು ಚೀನಾದಿಂದ ತರಿಸಿದವರೂ ಅದನ್ನು ಬೆರೆಸಿಕೊಟ್ಟ ಔಷಧ ವ್ಯಾಪಾರಿಯೂ ಪ್ರಮಾಣಮಾಡಿ ಸಾಕ್ಷ್ಯ ನುಡಿಯಲು ಬರಲಿಲ್ಲ. ಒಕ್ಕೂಟದ ನ್ಯಾಯಮಂಡಲಿಯು ಪುಡಿಯ ಪಯಣವನ್ನು ಸರಪಣಿಯಾಗಿ ಭಾವಿಸಿತು: ಚೀನಾದಿಂದ ಬಂದುದು ಬೀಟಾ-4 ಎಂಬುದೇ ದೃಢಪಡಲಿಲ್ಲ, ಮೊದಲ ಕೊಂಡಿಯೇ ಕಳಚಿದ ಮೇಲೆ ಉಳಿದುದು ನಿಲ್ಲದು. ಲೋಸಾನಿನ ಪೀಠವು ಈ ಉಪಮೆಯನ್ನು ಬಿಟ್ಟು ಹಗ್ಗದ ಉಪಮೆಯನ್ನು ಹಿಡಿಯಿತು: ಒಂದೊಂದು ಎಳೆಯೂ ದುರ್ಬಲವಾದರೂ ಹೊಸೆದಾಗ ಭಾರವನ್ನು ತಡೆಯಬಹುದು. ಡ್ಯಾಂಕ್ ಅವರು ಇತರ ಕಡೆ ಆ ಶಬ್ದವನ್ನು ಬಳಸಿದ ರೀತಿ, ಯೋಜನೆಯ ಉದ್ದೇಶವು ರೋಗನಿರೋಧಕ್ಕಿಂತ ಚೇತರಿಕೆಯೇ ಆಗಿದ್ದುದು, ಪರೀಕ್ಷಾಧಿಕಾರಿಗಳು ಕೇಳಿದಾಗ ಆಟಗಾರರು ಈ ಚುಚ್ಚುಮದ್ದಿನ ಹೆಸರೆತ್ತದಿದ್ದುದು, ಇವೆಲ್ಲ ಎಳೆಗಳಾದವು.

ಶಬ್ದಾರ್ಥದ ಮಟ್ಟಿಗೆ ಹೇಳುವುದಾದರೆ ಎರಡನೆಯ ಪೀಠದ ಮಾರ್ಗವೇ ಮೇಲು. ಕರ್ತೃವಿನ ಪ್ರಯೋಗ, ಪ್ರಕರಣ, ಪ್ರಯೋಜನ ಇವುಗಳಿಂದಲೇ ಸಂದಿಗ್ಧಪದವನ್ನು ಬಿಡಿಸುವುದು ಮೀಮಾಂಸಕರಿಗೂ ಸಮ್ಮತವಾದ ಕ್ರಮ. ಆದರೆ ಬರೆದವನು ಯಾವುದನ್ನು ಉದ್ದೇಶಿಸಿದನೆಂಬುದು ಒಂದು ಪ್ರಶ್ನೆ, ಸೀಸೆಯೊಳಗೆ ಏನಿತ್ತೆಂಬುದು ಮತ್ತೊಂದು. ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೂ ಸಾಲುವುದೆಂದು ಪೀಠವು ಬಗೆಯಿತು. ಸೀಸೆಯನ್ನು ಒಡೆದು ನೋಡಿದವರಿಲ್ಲದಿರಲು, 34 ಮಂದಿಗೆ ಎರಡು ವರ್ಷದ ಬಹಿಷ್ಕಾರವನ್ನು ವಿಧಿಸುವಷ್ಟು ಬಿಗಿಯು ಆ ಹಗ್ಗಕ್ಕಿತ್ತೆ ಎಂಬ ಶಂಕೆಗೆ ಎಡೆಯುಂಟು. ಇನ್ನೂ ಆಡುತ್ತಿದ್ದವರು 2016ರ ಋತುವನ್ನೆಲ್ಲ ಕಳೆದುಕೊಂಡರು. ಸ್ವಿಟ್ಜರ್ಲೆಂಡಿನ ಉಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಮೇಲ್ಮನವಿಯನ್ನು ತಿರಸ್ಕರಿಸಿತು. ಸಂಘದ ನಾಯಕ ಜೋಬ್ ವಾಟ್ಸನ್ 2012ರಲ್ಲಿ ಗಳಿಸಿದ್ದ ಬ್ರೌನ್ಲೋ ಪದಕವು ನವೆಂಬರಿನಲ್ಲಿ ಟ್ರೆಂಟ್ ಕಾಚಿನ್, ಸ್ಯಾಮ್ ಮಿಚೆಲ್ ಎಂಬಿಬ್ಬರಿಗೆ ಸಂದಿತು.

ಈ ನಡುವೆ ಮೆಲ್ಬರ್ನಿನ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಬೇರೊಂದು ಮೊಕದ್ದಮೆ ನಡೆದಿದ್ದಿತು. ಕೆಲಸದ ಸ್ಥಳವನ್ನು ಅಪಾಯರಹಿತವಾಗಿ ಇಡಲಿಲ್ಲವೆಂಬ ಆರೋಪವನ್ನು ಸಂಘವು ಒಪ್ಪಿಕೊಂಡು, 2016ರ ಜನವರಿಯಲ್ಲಿ 2 ಲಕ್ಷ ಡಾಲರುಗಳ ದಂಡವನ್ನು ತೆತ್ತಿತು. ಆಟಗಾರರ ಮೈಗೆ ಏನೇನು ಸೇರಿತೆಂಬುದರ ಸರಿಯಾದ ದಾಖಲೆಯೇ ಇಲ್ಲವೆಂದು ಸಂಘವು 2013ರಲ್ಲಿ ತಾನೇ ನೇಮಿಸಿದ್ದ ಸ್ವಿಟ್ಕೌಸ್ಕಿಯವರ ವರದಿಯಲ್ಲಿ ಮೊದಲೇ ಹೇಳಿದ್ದಿತು. ಆ ನ್ಯಾಯಾಲಯಕ್ಕೆ ಥೈಮೋಸಿನ್ ಯಾವುದೆಂದು ವಿಚಾರಿಸುವ ಅಗತ್ಯವೇ ಬೀಳಲಿಲ್ಲ.