ಹಳೆಯ ಕೊಳಚೆನೀರು ಶುದ್ಧೀಕರಣ ಕಟ್ಟಡಗಳ ಭೂಕಂಪ ಬಲವರ್ಧನೆ

ದಶಕಗಳ ಹಿಂದೆ ಕಟ್ಟಿ ಇಂದಿಗೂ ಬಳಕೆಯಲ್ಲಿರುವ ಕೊಳಚೆನೀರು ಶುದ್ಧೀಕರಣ ಘಟಕದ ಕಟ್ಟಡ, ತೊಟ್ಟಿ, ಕೊಳವೆ ಮತ್ತು ಯಂತ್ರಗಳು ಭೂಕಂಪವನ್ನು ತಾಳಿಕೊಳ್ಳುವಂತೆ ಮಾಡುವ ಎಂಜಿನಿಯರಿಂಗ್ ಕೆಲಸ. ಶಾಲೆ, ಕಚೇರಿಗಳ ಬಲವರ್ಧನೆಯಲ್ಲಿ ಒಳಗಿರುವವರ ಜೀವ ಉಳಿಸುವುದೇ ಮುಖ್ಯ ಗುರಿ. ಶುದ್ಧೀಕರಣ ಘಟಕಕ್ಕೆ ಅಷ್ಟು ಸಾಲದು. ಭೂಕಂಪದ ಮರುದಿನವೂ ಊರಿನ ಬಚ್ಚಲು, ಕಕ್ಕಸುಗಳಿಂದ ನೀರು ಹರಿದು ಬರುತ್ತಲೇ ಇರುತ್ತದೆ. ಅದಕ್ಕೆ ದಾರಿಯಿಲ್ಲದಿದ್ದರೆ ಬೀದಿಗೆ, ಹೊಳೆಗೆ, ಕುಡಿಯುವ ನೀರಿನ ಬಾವಿಗೆ ಸೇರುತ್ತದೆ. ಆದ್ದರಿಂದ ಇಲ್ಲಿನ ಯೋಜನೆ ಮೊದಲು ಕೇಳಬೇಕಾದದ್ದು, ನೀರು ಘಟಕಕ್ಕೆ ಬಂದು ಹೊರಹೋಗುವ ಹಾದಿಯಲ್ಲಿ ಯಾವ ಕೊಂಡಿ ಕಳಚಿದರೆ ಎಲ್ಲವೂ ನಿಲ್ಲುತ್ತದೆ ಎಂಬುದನ್ನು.

ಹಿನ್ನೆಲೆ

1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊದಲ್ಲಿ ಆದ ಭೂಕಂಪ (ಪ್ರಮಾಣ 6.6) ಪ್ರಬಲಿತ ಕಾಂಕ್ರೀಟಿನ ಹಳೆಯ ವಿನ್ಯಾಸದ ದೋಷವನ್ನು ಬಯಲು ಮಾಡಿತು. ಕಂಬದ ಉದ್ದ ಸರಳುಗಳನ್ನು ಸುತ್ತುವ ರಿಂಗುಗಳು ದೂರದೂರವಿದ್ದಲ್ಲಿ ಕಾಂಕ್ರೀಟು ಒಡೆದು, ಕಂಬ ಬಾಗದೆ ಒಮ್ಮೆಲೇ ಮುರಿಯುತ್ತಿತ್ತು. ಆ ದಶಕದಲ್ಲಿ ಅಮೆರಿಕದ ಸಂಹಿತೆಗಳು ಬದಲಾದವು. ಜಪಾನು 1971ರಲ್ಲಿ ರಿಂಗುಗಳ ಅಂತರವನ್ನು ಬಿಗಿಗೊಳಿಸಿ 1981ರಲ್ಲಿ ಹೊಸ ವಿನ್ಯಾಸ ನಿಯಮಗಳನ್ನು ತಂದಿತು. ಭಾರತದಲ್ಲಿ ಭೂಕಂಪ ವಿನ್ಯಾಸದ ಸಂಹಿತೆ ಐಎಸ್ 1893 ಬಂದದ್ದು 1962ರಲ್ಲಿ. ಕಾಂಕ್ರೀಟಿನ ಬಾಗುವ ಗುಣಕ್ಕೆ ಬೇಕಾದ ಸರಳು ಜೋಡಣೆಯ ವಿವರಗಳಿಗಾಗಿಯೇ ಪ್ರತ್ಯೇಕ ಸಂಹಿತೆ, ಐಎಸ್ 13920, ಪ್ರಕಟವಾದದ್ದು 1993ರಲ್ಲಿ. ಇವುಗಳಿಗಿಂತ ಹಿಂದಿನ ಪಂಪ್‌ಹೌಸು, ಗಾಳಿ ಊದುವ ಬ್ಲೋವರ್ ಕೋಣೆಗಳನ್ನು ಅನುಮಾನದಿಂದ ನೋಡುವುದು ಸರಿಯಾದ ಆರಂಭ.

ಈ ವಿಷಯದ ಅತಿ ಮುಖ್ಯ ಪಾಠ ಜಪಾನಿನ ಕೋಬೆಯದು. 1995ರ ಜನವರಿ 17ರ ಬೆಳಗಿನ 5.46ಕ್ಕೆ ಆದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ನಗರದ ದೊಡ್ಡ ಶುದ್ಧೀಕರಣ ಘಟಕವಾದ ಹಿಗಾಶಿನಾಡಾ ಕಡಲಂಚಿನ ತುಂಬುನೆಲದ ಮೇಲಿತ್ತು. ಕಂಪನದಿಂದ ಮಣ್ಣು ದ್ರವದಂತಾಯಿತು (ದ್ರವೀಕರಣ), ಪಕ್ಕದ ಕಾಲುವೆಯ ದಡದ ಗೋಡೆ ಮೀಟರುಗಟ್ಟಲೆ ನೀರಿನ ಕಡೆಗೆ ಸರಿಯಿತು, ಅದರ ಹಿಂದಿನ ನೆಲವೂ ಜಾರಿತು. ಕಟ್ಟಡಗಳ ಕೆಳಗಿನ ಪೈಲುಗಳಿಗೂ ನೆಲದೊಳಗಿನ ನಾಲೆಗಳಿಗೂ ಪೆಟ್ಟು ಬಿತ್ತು. ಶುದ್ಧೀಕರಣ ಸುಮಾರು ನೂರು ದಿನ ನಿಂತುಹೋಯಿತು. ಆಗ ಅಲ್ಲಿನ ಎಂಜಿನಿಯರುಗಳು ಪಕ್ಕದ ಉಓಜಾಕಿ ಕಾಲುವೆಗೆ ಅಡ್ಡಕಟ್ಟೆ ಹಾಕಿ, ಅದನ್ನೇ ತಾತ್ಕಾಲಿಕ ತಿಳಿಗೊಳವನ್ನಾಗಿ ಮಾಡಿದರು. ಕೊಳಚೆಯನ್ನು ಅಲ್ಲಿ ತಂಗಿಸಿ, ಕೆಸರು ಇಳಿಸಿ, ಸೋಂಕು ನಿವಾರಿಸಿ ಹೊರಬಿಟ್ಟರು. ಆಪತ್ತಿನ ನಡುವೆ ನಡೆದ ಈ ಕೆಲಸ ಕೊಳಚೆ ನಿರ್ವಹಣೆಯ ಇತಿಹಾಸದಲ್ಲಿ ಗೌರವದಿಂದ ನೆನೆಯಬೇಕಾದದ್ದು. ಬಳಿಕ ನಗರವು ತನ್ನ ಘಟಕಗಳನ್ನು ಆಳದ ದೊಡ್ಡ ಕೊಳವೆಮಾರ್ಗದಿಂದ ಒಂದಕ್ಕೊಂದು ಬೆಸೆಯಿತು. ಸುಮಾರು 33 ಕಿಲೋಮೀಟರ್ ಉದ್ದದ ಈ ಜಾಲ 2011ರಲ್ಲಿ ಪೂರ್ಣಗೊಂಡಿತು. ಒಂದು ಘಟಕ ಬಿದ್ದರೆ ಅದರ ಪಾಲಿನ ನೀರನ್ನು ಇನ್ನೊಂದಕ್ಕೆ ತಿರುಗಿಸಬಹುದು. ಒಂದನ್ನು ಖಾಲಿ ಮಾಡಿ ದುರಸ್ತಿಗೂ ತೆಗೆದುಕೊಳ್ಳಬಹುದು. ಬಲವರ್ಧನೆ ಎಂದರೆ ಗೋಡೆ ದಪ್ಪ ಮಾಡುವುದೆಂಬ ತಿಳಿವಳಿಕೆಯನ್ನು ಇಷ್ಟು ಸ್ಪಷ್ಟವಾಗಿ ವಿಸ್ತರಿಸಿದ ಉದಾಹರಣೆ ವಿರಳ.

2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾದಾಗ, ದ್ರವೀಕರಣಗೊಂಡ ಮರಳು ಒಡೆದ ಕೊಳವೆಗಳ ಮೂಲಕ ಬ್ರಾಮ್ಲಿ ಘಟಕದವರೆಗೂ ಬಂತು. ತಿಳಿಗೊಳಿಸುವ ತೊಟ್ಟಿಗಳು ಹಾಳಾದವು. ಅದೇ ವರ್ಷ ಮಾರ್ಚ್ 11ರಂದು ಜಪಾನಿನ ಸೆಂಡಾಯ್ ನಗರದ ಸುಮಾರು ಶೇ. 70ರಷ್ಟು ಕೊಳಚೆಯನ್ನು ಪಡೆಯುತ್ತಿದ್ದ ಮಿನಾಮಿ-ಗಾಮೊ ಘಟಕವನ್ನು ಸುನಾಮಿ ಧ್ವಂಸ ಮಾಡಿತು. ಆದರೆ ಅಲ್ಲಿಗೆ ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತಿದ್ದುದರಿಂದ, ವಿದ್ಯುತ್ತಿಲ್ಲದಿದ್ದರೂ ನೀರನ್ನು ತಂಗಿಸಿ ಕ್ಲೋರಿನ್ ಬೆರೆಸಿ ಬಿಡಲು ಸಾಧ್ಯವಾಯಿತು.

ಸ್ಥಿತಿಯ ಪರಿಶೀಲನೆ

ಪರಿಶೀಲನೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ: ದೋಷಪಟ್ಟಿ ಹಿಡಿದು ಮಾಡುವ ತ್ವರಿತ ತಪಾಸಣೆ, ಅನುಮಾನ ಹುಟ್ಟಿಸಿದ ಭಾಗಗಳ ಲೆಕ್ಕ, ಇಡೀ ಕಟ್ಟಡದ ವಿವರವಾದ ವಿಶ್ಲೇಷಣೆ. ಅಮೆರಿಕದ ಎಎಸ್‌ಸಿಇ 41 ಸಂಹಿತೆ ಈ ಕ್ರಮವನ್ನು ಅನುಸರಿಸುತ್ತದೆ. ಭಾರತದಲ್ಲಿ ಪ್ರಬಲಿತ ಕಾಂಕ್ರೀಟ್ ಕಟ್ಟಡಗಳಿಗೆ ಐಎಸ್ 15988 (2013) ಇದೆ. ಆದರೆ ಇಂಥ ಸಂಹಿತೆಗಳ ಮನಸ್ಸಿನಲ್ಲಿರುವುದು ಒಣ ಕಟ್ಟಡ. ಪಂಪ್‌ಹೌಸಿನ ಅರ್ಧ ನೆಲದೊಳಗಿರುತ್ತದೆ, ಒಂದು ಪಕ್ಕಕ್ಕೆ ಕೊಳಚೆ ತುಂಬಿದ ಬಾವಿ, ಮೇಲೆ ಕ್ರೇನ್ ಓಡಾಡುವ ಎತ್ತರದ ಹಜಾರ, ಬೇರೆಬೇರೆ ಮಟ್ಟದಲ್ಲಿ ಮಾಡು, ಕಾಲಕಾಲಕ್ಕೆ ಸೇರಿಸಿದ ವಿಸ್ತರಣೆಗಳು. ಹಳತು ಹೊಸತು ಸೇರುವ ಸಂದಿನಲ್ಲಿ ಎರಡೂ ಬೇರೆಬೇರೆ ಲಯದಲ್ಲಿ ಅಲುಗುತ್ತವೆ. ಆ ಸಂದನ್ನು ದಾಟುವ ಕೊಳವೆ ಮೊದಲು ತುಂಡಾಗುತ್ತದೆ.

ಹಳೆಯ ನಕ್ಷೆಯಲ್ಲಿ ಬರೆದ ಸರಳು ಇವತ್ತೂ ಕಾಂಕ್ರೀಟಿನೊಳಗೆ ಅಷ್ಟೇ ದಪ್ಪ ಇದೆಯೆಂದು ನಂಬಿ ಲೆಕ್ಕ ಮಾಡುವುದು ಈ ಕೆಲಸದ ದೊಡ್ಡ ಅಪಾಯ. ಗಾಳಿಯಾಡದ ಕೊಳಚೆಯಲ್ಲಿ ಸಲ್ಫೇಟು ಸಲ್ಫೈಡಾಗಿ ಮಾರ್ಪಟ್ಟು ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಅದು ನೀರಿನ ಮಟ್ಟಕ್ಕಿಂತ ಮೇಲಿನ ತೇವದ ಗೋಡೆಯಲ್ಲಿ, ಚಾವಣಿಯ ಅಡಿಯಲ್ಲಿ ಸೇರಿಕೊಂಡಾಗ, ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ. ಈ ಕೆಲಸ ಬ್ಯಾಕ್ಟೀರಿಯಾಗಳದ್ದೆಂದು 1945ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ಸಿ. ಡಿ. ಪಾರ್ಕರ್. ಹೊಸ ಕಾಂಕ್ರೀಟಿನ ಪಿಎಚ್ 12ಕ್ಕಿಂತ ಹೆಚ್ಚು. ಕೆಟ್ಟ ಜಾಗಗಳಲ್ಲಿ ಮೇಲ್ಮೈ ಪಿಎಚ್ 2ಕ್ಕಿಂತ ಕೆಳಗೆ ಇಳಿಯುತ್ತದೆ. ಸಿಮೆಂಟು ಜಿಪ್ಸಮ್ ಆಗಿ, ಬೆರಳಿಂದ ಕೆರೆದರೂ ಉದುರುವ ಬಿಳಿಯ ಮುದ್ದೆಯಾಗುತ್ತದೆ. ಬಳಿಕ ಸರಳಿಗೆ ತುಕ್ಕು ಹಿಡಿಯುತ್ತದೆ. ನೀರಿನಡಿಯ ಗೋಡೆ ಚೆನ್ನಾಗಿದ್ದು, ಅದರ ಮೇಲಿನ ಎರಡು ಮೀಟರ್ ಮಾತ್ರ ಸವೆದಿರುವುದು ಸಾಮಾನ್ಯ. ದುರ್ದೈವವೆಂದರೆ ಭೂಕಂಪದ ಅಡ್ಡಬಲವನ್ನು ಗೋಡೆಯಿಂದ ಗೋಡೆಗೆ ಸಾಗಿಸಬೇಕಾದ ಚಾವಣಿ, ಅದು ಗೋಡೆಯೊಡನೆ ಕೂಡುವ ಮೂಲೆ, ಇವೆಲ್ಲ ಇರುವುದು ಆ ವಲಯದಲ್ಲೇ. ಹಾಗಾಗಿ ಮಾದರಿ ಕೊರೆದು ತೆಗೆಯುವುದನ್ನು ಎಟುಕುವ ಜಾಗಕ್ಕೆ ಸೀಮಿತಗೊಳಿಸದೆ, ಬಾವಿಯನ್ನು ಖಾಲಿ ಮಾಡಿ ಮೇಲಂಚಿನಲ್ಲೂ ತೆಗೆಯಬೇಕು. ಕೆಲವೆಡೆ ಕಾಂಕ್ರೀಟು ಬಿಡಿಸಿ ಸರಳಿನ ಉಳಿದ ದಪ್ಪವನ್ನು ಅಳೆಯಬೇಕು. ಅನಿಲ ವಿಷಕಾರಿಯಾದ್ದರಿಂದ ಒಳಗಿಳಿಯುವ ಮುನ್ನ ಗಾಳಿ ಹಾಯಿಸಿ ಪರೀಕ್ಷಿಸುವುದು ಕಡ್ಡಾಯ.

ನೀರಿನ ಚಲನೆ

ತೊಟ್ಟಿ ಅಲುಗಿದಾಗ ಒಳಗಿನ ನೀರು ಎರಡು ಬಗೆಯಲ್ಲಿ ವರ್ತಿಸುತ್ತದೆ. ತಳದ ಪಾಲು ಗೋಡೆಗೆ ಅಂಟಿಕೊಂಡಂತೆ ಜೊತೆಗೇ ಚಲಿಸುತ್ತದೆ. ಮೇಲಿನ ಪಾಲು ತನ್ನದೇ ನಿಧಾನಗತಿಯಲ್ಲಿ ತುಳುಕುತ್ತದೆ. ಹಿಡಿದು ನಡೆವ ಕೊಡದಲ್ಲಿ ನೀರು ತುಳುಕುವುದೂ ಇದೇ ಬಗೆಯದು. ಅಮೆರಿಕದ ಜಾರ್ಜ್ ಹೌಸ್ನರ್ 1957 ಮತ್ತು 1963ರ ಬರಹಗಳಲ್ಲಿ ಇವನ್ನು ಬೇರ್ಪಡಿಸಿ ಸರಳ ಲೆಕ್ಕ ಕೊಟ್ಟರು. ಅಮೆರಿಕದ ಎಸಿಐ 350.3 ಸಂಹಿತೆ, ಭಾರತದ ಐಎಸ್ 1893ರ 2ನೇ ಭಾಗ (2014) ಅದೇ ನೆಲೆಯ ಮೇಲೆ ನಿಂತಿವೆ. 30 ಮೀಟರ್ ಉದ್ದ, 4 ಮೀಟರ್ ಆಳದ, ಕೊಳಚೆಗೆ ಗಾಳಿ ಊದುವ ಏರೇಷನ್ ತೊಟ್ಟಿಯಲ್ಲಿ ಉದ್ದದ ದಿಕ್ಕಿನ ತುಳುಕಾಟಕ್ಕೆ ಸುಮಾರು 10 ಸೆಕೆಂಡು ಬೇಕು. 6 ಮೀಟರ್ ಅಗಲದ ದಿಕ್ಕಿನಲ್ಲಿ ಸುಮಾರು 3 ಸೆಕೆಂಡು. ಕಟ್ಟಡದ ಕಂಪನ ಇದಕ್ಕಿಂತ ಬಹಳ ವೇಗದ್ದು. ಜೊತೆಗೆ ಚಲಿಸುವ ನೀರಿಗೆ ಐಎಸ್ ಸಂಹಿತೆ ಕಾಂಕ್ರೀಟ್ ತೊಟ್ಟಿಯಲ್ಲಿ ಶೇ. 5ರ ಕಂಪನಶಮನ ಒಪ್ಪಿದರೆ, ತುಳುಕುವ ನೀರಿಗೆ ಕೇವಲ ಶೇ. 0.5. ಅಂದರೆ ಒಮ್ಮೆ ಎದ್ದ ಅಲೆ ನೆಲ ಶಾಂತವಾದ ಮೇಲೂ ಬಡಿಯುತ್ತಿರುತ್ತದೆ. ದೂರದ ದೊಡ್ಡ ಭೂಕಂಪದ ನಿಧಾನ ಅಲೆಗಳು ಇದನ್ನು ಬಲಪಡಿಸಬಲ್ಲವು. ಮುಖ್ಯ ಗೋಡೆ ಉಳಿದರೂ ನಡುವಿನ ತೆಳು ಅಡ್ಡಗೋಡೆ, ತಿಳಿಗೊಳಿಸುವ ತೊಟ್ಟಿಯ ಕೆರೆಯುವ ತೋಳು, ಗಾಳಿ ಊದುವ ಕೊಳವೆಗಳು ಕಿತ್ತುಬರುವುದು ಇದರಿಂದ.

ಖಾಲಿ ತೊಟ್ಟಿಯ ಅಪಾಯ ಬೇರೆ. ಅಂತರ್ಜಲ ಮೇಲಿರುವಲ್ಲಿ ಅದು ತೇಲಲು ತವಕಿಸುತ್ತದೆ. ಮಣ್ಣು ದ್ರವೀಕರಣಗೊಂಡರೆ ಮೇಲೊತ್ತುವ ಬಲ ಬರಿಯ ನೀರಿನದಕ್ಕಿಂತ ಸುಮಾರು ಇಮ್ಮಡಿಯಾಗುತ್ತದೆ. ಬಲಪಡಿಸಲೆಂದು ಖಾಲಿ ಮಾಡಿದ ತಿಂಗಳುಗಳಲ್ಲೇ ತೊಟ್ಟಿ ಅತಿ ದುರ್ಬಲ ಸ್ಥಿತಿಯಲ್ಲಿರಬಹುದು.

ಕ್ರಮ ಮತ್ತು ಆದ್ಯತೆ

ಘಟಕವನ್ನು ನಿಲ್ಲಿಸುವಂತಿಲ್ಲವಾದ್ದರಿಂದ ಕೆಲಸದ ಸರದಿಯೇ ಯೋಜನೆಯ ತಿರುಳು. ಒಣಹವೆಯ ತಿಂಗಳುಗಳಲ್ಲಿ ಹರಿವು ಕಡಿಮೆಯಿರುವಾಗ ತೊಟ್ಟಿಗಳ ಒಂದು ಸಾಲನ್ನು ತೆರವು ಮಾಡಿ, ಉಳಿದವುಗಳ ಮೇಲೆ ಹೊರೆ ಹಾಕಿ, ತಾತ್ಕಾಲಿಕ ಪಂಪು ಸಿದ್ಧವಿಟ್ಟುಕೊಂಡು ನಡೆಯಬೇಕು. ಅಗ್ಗದ ಕೆಲಸಗಳು ಮೊದಲು: ಕ್ಲೋರಿನ್ ಸಿಲಿಂಡರುಗಳನ್ನು ಬಿಗಿಯುವುದು, ವಿದ್ಯುತ್ ಫಲಕ, ಜನರೇಟರು, ಬ್ಯಾಟರಿಗಳನ್ನು ನೆಲಕ್ಕೆ ಬೋಲ್ಟ್ ಮಾಡುವುದು, ಗೋಡೆ ದಾಟುವ ಕೊಳವೆಗಳಿಗೆ ಮಣಿಯುವ ಜೋಡಣೆ ಹಾಕುವುದು. ಇವುಗಳಿಗೆ ಕಟ್ಟಡದ ಪೂರ್ಣ ವಿಶ್ಲೇಷಣೆಯವರೆಗೆ ಕಾಯಬೇಕಿಲ್ಲ. ಎಷ್ಟೋ ಯೋಜನೆಗಳು ಇವನ್ನು ಕೊನೆಗೆ ತಳ್ಳುವುದು ವಿಷಾದದ ಸಂಗತಿ. ಬಳಿಕ ಒಳಬರುವ ಪಂಪ್‌ಹೌಸು ಮತ್ತು ಸೋಂಕು ನಿವಾರಣೆ, ಅನಂತರ ಪ್ರಾಥಮಿಕ ತೊಟ್ಟಿಗಳು, ಕೊನೆಗೆ ಜೈವಿಕ ಶುದ್ಧೀಕರಣ.

ಕಟ್ಟಡಕ್ಕೆ ಅಡ್ಡಬಲ ತಡೆಯುವ ಹೊಸ ಶಿಯರ್ ಗೋಡೆ, ಉಕ್ಕಿನ ಬ್ರೇಸಿಂಗ್, ಕಂಬಕ್ಕೆ ಕಾಂಕ್ರೀಟ್ ಅಥವಾ ನಾರುಹಾಳೆಯ ಕವಚ ರೂಢಿಯ ಮಾರ್ಗಗಳು. ಆಮ್ಲದ ವಾತಾವರಣದಲ್ಲಿ ಬರಿಯ ಉಕ್ಕು ಬಹುಕಾಲ ಬಾಳದು. ಹೊಸ ಗೋಡೆ ಹೊರಬದಿಗೆ ಬಂದರೆ ಒಳಗಿನ ಯಂತ್ರಗಳನ್ನು ಕದಲಿಸಬೇಕಿಲ್ಲ, ಆದರೆ ಅದರ ಪಾಯಕ್ಕೆ ಹೂತ ಕೊಳವೆಗಳು ಅಡ್ಡ ಬರುತ್ತವೆ. ನೆಲವೇ ಜಾರುವ ಜಾಗದಲ್ಲಿ ಇವಾವುವೂ ಸಾಲವು. ಮಣ್ಣಿನ ಸುಧಾರಣೆ ಬೇಕು, ಇಲ್ಲವೆ ಘಟಕವನ್ನೇ ಬೇರೆಡೆ ಕಟ್ಟಬೇಕು.

ಭಾರತ ಮತ್ತು ಕರ್ನಾಟಕ

ಐಎಸ್ 1893ರ 2016ರ ಆವೃತ್ತಿಯಂತೆ ದೆಹಲಿ 4ನೇ ಭೂಕಂಪ ವಲಯದಲ್ಲಿದೆ (ಅಂಕಿ ಹೆಚ್ಚಿದಷ್ಟೂ ಅಪಾಯ ಹೆಚ್ಚು). ಅಲ್ಲಿನ ಓಖ್ಲಾದಲ್ಲಿ 1937ರಿಂದ ಕೊಳಚೆ ಶುದ್ಧೀಕರಣ ನಡೆದಿದೆ. ಬೆಂಗಳೂರು ಮತ್ತು ಮೈಸೂರು 2ನೇ ವಲಯದಲ್ಲಿ, ಮಂಗಳೂರು, ಕಾರವಾರ, ಬೆಳಗಾವಿ 3ನೇ ವಲಯದಲ್ಲಿವೆ. ಬೆಂಗಳೂರಿನ ವೃಷಭಾವತಿ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಹಳೆಯ ಘಟಕಗಳು 1970ರ ದಶಕದವು. ಅವುಗಳಿಗೆ ಭೂಕಂಪಕ್ಕಿಂತ ಸಲ್ಫೈಡಿನ ಸವೆತವೇ ಹತ್ತಿರದ ಅಪಾಯವೆನ್ನಬಹುದು. ಆದರೂ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದರಿಂದ, ಘಟಕ ಯಾವ ಕಾರಣದಿಂದ ನಿಂತರೂ ಅದರ ಪರಿಣಾಮ ನಗರದಾಚೆಗೂ ತಲುಪುತ್ತದೆ. ಕರಾವಳಿಯ ಮರಳುನೆಲದ ಪಂಪಿಂಗ್ ಠಾಣೆಗಳಲ್ಲಿ ಅಂತರ್ಜಲ ಮೇಲಿರುವುದರಿಂದ, ಅಲ್ಲಿ ಯಾವುದೇ ದುರಸ್ತಿಗೆ ಮುನ್ನ ಮಣ್ಣಿನ ದ್ರವೀಕರಣದ ಪರೀಕ್ಷೆ ಮೊದಲ ಕೆಲಸವಾಗಬೇಕು.