ಮಾತಾಡದ ಸದಸ್ಯ

ಪರದೇಶಕ್ಕೆ ಓದಲು ಹೋದವರಿಗೆ ಅಲ್ಲಿನ ಸಂಘ-ಸಂಸ್ಥೆಗಳೂ ಒಂದು ಪಾಠಶಾಲೆಯೇ. 1888ರಲ್ಲಿ ಬ್ಯಾರಿಸ್ಟರಾಗಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರನ್ನೇ ನೋಡೋಣ.

ತಾಯಿಗೆ ಕೊಟ್ಟ ವಚನದಂತೆ ಮಾಂಸ ಮುಟ್ಟದ ಈ ತರುಣ ಅರೆಹೊಟ್ಟೆಯಲ್ಲಿ ಅಲೆದು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲನ್ನು ಕಂಡರು. ಮುಂದೆ ಸಸ್ಯಾಹಾರಿ ಸಂಘವನ್ನೂ ಸೇರಿದರು. 1890ರಲ್ಲಿ ಅದರ ಕಾರ್ಯಕಾರಿ ಸಮಿತಿಗೆ ಬಂದರು. ತಾವಿದ್ದ ಬೇಸ್‌ವಾಟರಿನಲ್ಲಿ ಸ್ವತಃ ಒಂದು ಕ್ಲಬ್ಬನ್ನೂ ತೆರೆದರು. ಡಾ. ಓಲ್ಡ್‌ಫೀಲ್ಡ್ ಅಧ್ಯಕ್ಷರು, ಕವಿ ಎಡ್ವಿನ್ ಆರ್ನಾಲ್ಡ್ ಉಪಾಧ್ಯಕ್ಷರು, ಗಾಂಧಿ ಕಾರ್ಯದರ್ಶಿ. ಅವರು ಮನೆ ಬದಲಿಸಿದ್ದರಿಂದ ಕೆಲವೇ ತಿಂಗಳಲ್ಲಿ ಅದು ನಿಂತುಹೋಯಿತು.

ಸಮಿತಿಯ ಸಭೆಗಳಿಗೆ ತಪ್ಪದೆ ಹೋದರೂ ಅವರು ಬಾಯಿ ಬಿಡುತ್ತಿರಲಿಲ್ಲ. ಆದರೆ ಸಂತಾನ ನಿಯಂತ್ರಣವನ್ನು ಬೋಧಿಸುತ್ತಿದ್ದ ಡಾ. ಆಲಿನ್ಸನ್ನರನ್ನು ಹೊರಹಾಕಲು ಅಧ್ಯಕ್ಷ ಹಿಲ್ಸ್ ಹೊರಟಾಗ ಸುಮ್ಮನಿರಲಾಗಲಿಲ್ಲ. ಹಿಲ್ಸರು ಕಾರ್ಖಾನೆಯ ಧಣಿ. ಸಂಘ ಬಹುಮಟ್ಟಿಗೆ ನಡೆಯುತ್ತಿದ್ದುದೇ ಅವರ ಹಣದಿಂದ. ಸಂತಾನ ನಿಯಂತ್ರಣದ ಬಗ್ಗೆ ಗಾಂಧಿಯವರದೂ ಹಿಲ್ಸರ ಅಭಿಪ್ರಾಯವೇ. ಆದರೂ ಸಸ್ಯಾಹಾರದ ಸಂಘಕ್ಕೆ ಸದಸ್ಯನ ಇತರ ವಿಚಾರಗಳ ಗೊಡವೆ ಏಕೆಂದು ಬರೆದು ತಂದರು. ಓದಲು ಧೈರ್ಯ ಸಾಲದೆ ಬೇರೊಬ್ಬರಿಂದ ಓದಿಸಬೇಕಾಯಿತು. ಅವರ ಪಕ್ಷ ಸೋತಿತು.

1894ರಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾದವರು ಇದೇ ಮಾತಾಡದ ಸದಸ್ಯ!

ನಮ್ಮ ಸಂಘದ ಸಭೆಗಳಲ್ಲೂ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವವರುಂಟು. ಹೊರದೇಶಕ್ಕೆ ಹೊರಟ ನಮ್ಮ ಮಕ್ಕಳಲ್ಲೂ ಉಂಟು. ಸಂಕೋಚ ಕಳೆಯಲೆಂದು ಅವರು ಕಾಯುವುದು ಬೇಡ. ಚೀಟಿ ಬರೆದುಕೊಂಡಾದರೂ ಸಭೆಗೆ ಹೋಗಲಿ ಎನ್ನುತ್ತೇವೆ ನಾವು.