ಹಾಲಿ, ಕಲದಾರ್ ಮತ್ತು ಕಾರ್ಡು ಯಂತ್ರ

ಆಳಂದ, ಅಫಜಲಪುರ, ಜೇವರ್ಗಿಯ ಅಂಗಡಿಗಳಲ್ಲಿ ಇಂದು ಕಾರ್ಡು ಯಂತ್ರ ಕಂಡರೆ ಯಾರೂ ಅಚ್ಚರಿಪಡುವುದಿಲ್ಲ. ಗಿರಾಕಿಯ ಖಾತೆ ಸೊಲ್ಲಾಪುರದಲ್ಲಿರಲಿ, ವಿಜಯಪುರದಲ್ಲಿರಲಿ, ಹಣ ಅಂಗಡಿಯವನ ಖಾತೆಗೆ ಬಂದು ಸೇರುತ್ತದೆ. ಆದರೆ ನೆರೆಯ ಜಿಲ್ಲೆಯ ರೂಪಾಯಿಯನ್ನು ಲೆಕ್ಕ ಹಾಕದೆ ತೆಗೆದುಕೊಳ್ಳಲಾಗದ ಕಾಲವೊಂದು ಈ ಸೀಮೆಯಲ್ಲಿತ್ತು.

1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ವಿಜಾಪುರ, ಸೊಲ್ಲಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದವು. ಆ ಕಡೆಯವರ ಬಾಯಲ್ಲಿ ಇದು 'ಮೊಗಲಾಯಿ'. ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು. ಅದು 'ಹಾಲಿ ಸಿಕ್ಕಾ', ಎಂದರೆ ಚಾಲ್ತಿಯಲ್ಲಿರುವ ನಾಣ್ಯ. ಬ್ರಿಟಿಷರ ರೂಪಾಯಿಗೆ 'ಕಲದಾರ್' ಎಂದು ಹೆಸರು. 'ಕಲ್' ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದದ್ದು ಕಲದಾರ್. ಮುಂದೆ ಹಾಲಿಯೂ ಯಂತ್ರದಲ್ಲೇ ಅಚ್ಚಾಯಿತು, ಹೆಸರುಗಳು ಮಾತ್ರ ಬದಲಾಗಲಿಲ್ಲ.

ಬಹುಕಾಲ ನಡೆದ ದರದಂತೆ 6 ಕಲದಾರ್ ರೂಪಾಯಿಗೆ 7 ಹಾಲಿ ರೂಪಾಯಿ. 30 ಕಲದಾರಿಗೆ 35 ಹಾಲಿ ಎಂಬುದು ಸುಲಭ. ಆದರೆ 100 ಕಲದಾರಿಗೆ 116 ರೂಪಾಯಿ 10 ಆಣೆ 8 ಪೈ! ಸೊಲ್ಲಾಪುರದಲ್ಲಿ ಜೋಳ ಮಾರಿದವನಿಗೆ ಸಿಗುವುದು ಕಲದಾರ್. ನಿಜಾಮ ಸರಕಾರಕ್ಕೆ ಕಂದಾಯ ಕಟ್ಟಬೇಕಾದದ್ದು ಹಾಲಿಯಲ್ಲಿ. ನಡುವೆ ಸರಾಫನ ವಟ್ಟ ಬೇರೆ. ಲೆಕ್ಕ ಬಾರದವನು ದರದಲ್ಲೂ ಸೋಲಬಹುದಿತ್ತು, ವಟ್ಟದಲ್ಲೂ ಸೋಲಬಹುದಿತ್ತು.

1918ರ ಕಾಯಿದೆಯಂತೆ ಸಂಸ್ಥಾನ ಕಾಗದದ ನೋಟುಗಳನ್ನೂ ಹೊರತಂದಿತು. ಅವುಗಳ ಮೇಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳೊಂದಿಗೆ ಕನ್ನಡ ಅಕ್ಷರಗಳೂ ಇದ್ದವು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿಹೋದ ಮೇಲೆ, 1950ರ ದಶಕದಲ್ಲಿ ಹಾಲಿ ಸಿಕ್ಕಾ ಹಂತಹಂತವಾಗಿ ಮರೆಯಾಯಿತು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1957ರ ಏಪ್ರಿಲ್ 1ರಿಂದ ಆಣೆ-ಪೈಗಳ ಬದಲು ರೂಪಾಯಿಗೆ 100 ನಯಾ ಪೈಸೆಯ ಲೆಕ್ಕ ಬಂತು.

ಎರಡು ರೂಪಾಯಿಗಳ ತೊಡಕು ಹೋಯಿತು. ವಟ್ಟ ಹೋಯಿತೇ? ಕಾರ್ಡು ಯಂತ್ರದಲ್ಲಿ ನಡೆದ ವ್ಯಾಪಾರದ ಹಣದಿಂದ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡೇ ಉಳಿದದ್ದನ್ನು ಖಾತೆಗೆ ಜಮಾ ಮಾಡುತ್ತದೆ. ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ವಹಿವಾಟುಳ್ಳ ವ್ಯಾಪಾರಿಗೆ ಡೆಬಿಟ್ ಕಾರ್ಡು ಯಂತ್ರದ ಶುಲ್ಕ 100 ರೂಪಾಯಿಗೆ 40 ಪೈಸೆ ಮೀರಬಾರದೆಂದು ರಿಸರ್ವ್ ಬ್ಯಾಂಕು 2017ರ ಡಿಸೆಂಬರಿನಲ್ಲಿ ಆದೇಶಿಸಿತು. ಆ ಹೊರೆಯನ್ನು ಗಿರಾಕಿಯ ಮೇಲೆ ಹಾಕಕೂಡದೆಂದೂ ಹೇಳಿತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐ ಪಾವತಿಗೂ ಈ ಶುಲ್ಕವನ್ನು ತೆಗೆದುಹಾಕಲಾಯಿತು. ಕ್ರೆಡಿಟ್ ಕಾರ್ಡಿಗೆ ಶುಲ್ಕ ಉಂಟು.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದನ್ನು ಅಂತರ್ಜಾಲದಲ್ಲಿ ಮಾರಹೊರಟವನಿಗೆ ಬೇಳೆ ಕಾಣದ ಊರಿನ ಗಿರಾಕಿಯಿಂದ ಹಣ ಬರಬೇಕು. ಅಲ್ಲಿ ಹಣ ಪಡೆದು ದಾಟಿಸುವ ಮಧ್ಯವರ್ತಿ ಸಂಸ್ಥೆಯೊಂದು ಹಲವು ಸಲ ಬೇಕಾಗುತ್ತದೆ. ನೂರಕ್ಕೆ ಎಷ್ಟು ಮುರಿಯುತ್ತಾರೆ, ಯಂತ್ರಕ್ಕೆ ಬಾಡಿಗೆ ಉಂಟೇ, ಹಣ ಎಷ್ಟು ದಿನಕ್ಕೆ ಖಾತೆಗೆ ಬರುತ್ತದೆ, ಗಿರಾಕಿ ಸರಕು ಮರಳಿಸಿದರೆ ಶುಲ್ಕ ಯಾರ ಪಾಲು: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಮಾತುಗಳಿವು.

ಸರಾಫ ವಟ್ಟ ಹಿಡಿಯುತ್ತಿದ್ದುದು ಎದುರಿಗೇ, ಜಗಳವಾಡಲು ಅವಕಾಶವಿತ್ತು. ಇಂದಿನದು ಹಣ ಕೈಸೇರುವ ಮೊದಲೇ ಸದ್ದಿಲ್ಲದೆ ಕಳೆದಿರುತ್ತದೆ. ಆದ್ದರಿಂದ ತಿಂಗಳ ಲೆಕ್ಕಪಟ್ಟಿ ಓದುವುದು ಸಣ್ಣ ವ್ಯಾಪಾರಿಗೆ ಆರಕ್ಕೆ ಏಳರ ಲೆಕ್ಕದಷ್ಟೇ ಅಗತ್ಯ.